ಬಾಳೆಗೊನೆಯ ಗಂಡುಗಳು

ನಮ್ಮಜ್ಜಿಯ ಎದುರು ಗಂಡು ಬೇಕು ಎನ್ನಬಾರದು. ಅಂದರೆ ಸಂಜೆಯೊಳಗೆ ತಂದು ನಿಲ್ಲಿಸುತ್ತಾಳೆ.

ಸೇಲಂನ ಲ್ಯಾಬೊಂದರಲ್ಲಿ ಹಣ್ಣಿನ ನೊಣ ಸಾಕುವುದು ನನ್ನ ಸಂಶೋಧನೆ. ಕುರಿ ಸಾಕುವವರ ಮನೆಯ ಹುಡುಗಿ ಇಷ್ಟು ಓದಿ ನೊಣ ಮೇಯಿಸುತ್ತಾಳೆಂದು ನಮ್ಮೂರು ಕೊಳತ್ತೂರಿನವರೆಲ್ಲ ನಕ್ಕಾಗಿದೆ. ನಗಲಿ. ನನ್ನವು ಅಂತಿಂಥ ನೊಣಗಳಲ್ಲ. ಹಳೆಯ ಡಿಎನ್‌ಎ ಒಡೆದಾಗ ಉಳಿಯುವ ಕಸವನ್ನು ಹೊರಹಾಕುವುದಕ್ಕೆ ಮೈಯಲ್ಲೊಂದು ಕಿಣ್ವ ಇರುತ್ತದೆ. ಒಂದೇ ಒಂದು ಜೀನು ಕೆಟ್ಟಿರುವುದರಿಂದ ಇವಕ್ಕೆ ಅದಿಲ್ಲ. ಕಸ ಒಳಗೇ ತುಂಬಿಕೊಳ್ಳುತ್ತದೆ. ಅದೇ ದೋಷದಿಂದ ಕಣ್ಣೂ ಕೆಂಪಗಿರದೆ ಕಂದು.

ಬೇಸಿಗೆಯಲ್ಲಿ ಲ್ಯಾಬಿನ ಏಸಿ ಕೆಟ್ಟು ನನ್ನ ಕಂದುಗಣ್ಣಿನ ಬಳಗವೆಲ್ಲ ಸತ್ತು ಮಗುಚಿಕೊಂಡಿತು. ಇನ್ನೂ ಗೂಡಿನೊಳಗಿದ್ದ ಮರಿಗಳ ಒಂದೇ ಬಾಟಲಿ ಉಳಿದಿತ್ತು. ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಊರಿನ ಬಸ್ಸು ಹತ್ತಿದೆ. ನಮ್ಮ ಮಣ್ಣಿನ ಗೋಡೆಯ ಕೋಣೆ ತಂಪು. ಅಲ್ಲಿ ಗೂಡೊಡೆದು ಹೊರಬಂದವೆಲ್ಲ ಹೆಣ್ಣು! ವರ್ಷಗಟ್ಟಲೆಯ ಕೆಲಸ ಒಂದು ಕಂದುಗಣ್ಣಿನ ಗಂಡಿಗಾಗಿ ಕಾದು ಕೂತಿತ್ತು.

"ಯಾಕ್ ಮಗಾ, ಮೊಕ ಇಂಗ್ ಮಾಡ್ಕಂಡಿದೀಯ?" ಎಂದಳು ಅಜ್ಜಿ.

"ಗಂಡು ಸಿಗ್ತಾ ಇಲ್ಲ ಅಜ್ಜಿ."

ಪಕ್ಕದ ಮನೆಯಾಕೆ ಗೋಡೆಯಾಚೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. ನನಗಲ್ಲ, ಇವಕ್ಕೆ ಎಂದು ನಾನು ಬಾಟಲಿ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, "ಬರೀ ಎಣ್ಮಕ್ಳೇ? ಟಗರಿಲ್ದೆ ಮಂದೆ ಎಂಗಾದಾತು?" ಎಂದಳು.

ನಾನು ಸ್ನಾನ ಮಾಡಿ ಬರುವುದರೊಳಗೆ, ಮೂಲೆಯಲ್ಲಿ ತೂಗುಹಾಕಿದ್ದ ಬಾಳೆಗೊನೆಯ ನೊಣಗಳನ್ನು ಹಿಡಿದು ಬಾಟಲಿಯೊಳಗೆ ಬಿಟ್ಟಿದ್ದಳು. ಪಕ್ಕದ ಮನೆಯಾಕೆ ಬಂದೇ ಬಿಟ್ಟಳು. "ಮಾಪ್ಳೆ ಎಂದ ಊರು?" ಎಂದು ತಮಿಳಿನಲ್ಲಿ ಮದುಮಗನ ಊರು ಕೇಳಿದಳು.

"ನಮ್ಮೂರೇ. ಬಾಳೆಗೊನೆಯೋರು," ಎಂದಳು ಅಜ್ಜಿ.

ನನ್ನ ಕೋಪ ಕೆಟ್ಟದ್ದು. "ಕುಲಾನೇ ಕೆಡಿಸ್ಬುಟ್ಯಲ್ಲ!" ಎಂದು ಕಿರುಚಿದೆ. ಅಜ್ಜಿಯ ಕೋಪ ನನ್ನದಕ್ಕಿಂತ ಹಳೆಯದು. "ಕೆಟ್ಟಿದ್ ಕುಲಾನ ನೆಟ್ಟಗ್ ಮಾಡಿವ್ನಿ! ಸೊರಗಿದ್ ಮಂದೆಗೆ ಬ್ಯಾರೆ ಮಂದೆ ಟಗರು ಬುಡೋದು ನಮ್ ವಾಡಿಕೆ!" ನಡುವೆ ಅಜ್ಜಿಯ ಮಗಳು, ನನ್ನ ಅವ್ವ, ರಾಗಿ ಕೇರುತ್ತ ಕೂತಿದ್ದಳು. ಅವಳು ಕೋಳಿಗೂ ಗದರಿದವಳಲ್ಲ.

ಹುಟ್ಟಿದ ಮಕ್ಕಳೆಲ್ಲ ಗಟ್ಟಿಮುಟ್ಟು, ಕಣ್ಣು ಕೆಂಪೋ ಕೆಂಪು. ಅಜ್ಜಿ ಬೀಗಿದಳು, ನಾನು ಅತ್ತೆ. ಅತ್ತು ಮುಗಿದ ಮೇಲೆ ಬುದ್ಧಿ ಓಡಿತು. ಕೆಟ್ಟ ಜೀನು ಎಲ್ಲೂ ಹೋಗಿರಲಿಲ್ಲ, ಒಳ್ಳೆಯದರ ಹಿಂದೆ ಅಡಗಿತ್ತು. ಈ ಅಣ್ಣತಂಗಿಯರನ್ನೇ ಜೋಡಿ ಮಾಡಿದರೆ ಮೊಮ್ಮಕ್ಕಳಲ್ಲಿ ಕೆಲವಕ್ಕೆ ಕಂದುಗಣ್ಣು ಬರಲೇಬೇಕು.

"ಒಡವುಟ್ಟಿದೋರಿಗೆ ಮದ್ವೇನಾ? ಥೂ! ನನ್ ಮನೇಲಿ ನಡೆಯಾಕಿಲ್ಲ."

ಅಂದಿನಿಂದ ಅಜ್ಜಿ ನನ್ನೊಡನೆ ಮಾತು ಬಿಟ್ಟಳು. ನಾನೇನು ಕಡಿಮೆಯೇ, ನಾನೂ ಬಿಟ್ಟೆ. ಅವ್ವ ಅಣ್ಣತಂಗಿಯರಿದ್ದ ಬಾಟಲಿಯನ್ನು ಅಜ್ಜಿಯ ಕಣ್ಣಿಗೆ ಬೀಳದಂತೆ ತನ್ನ ಮಂಚದ ಕೆಳಗೆ ಸೇರಿಸಿದಳು.

ಒಂದು ಬೆಳಿಗ್ಗೆ ಭೂತಗನ್ನಡಿ ಹಿಡಿದು ನೋಡುತ್ತೇನೆ, ಕಂದುಗಣ್ಣು! ಗಂಡೂ ಇವೆ, ಹೆಣ್ಣೂ ಇವೆ. ಮುನಿಸು ಮರೆತು "ಅಜ್ಜೀ!" ಎಂದು ಕೂಗಿಬಿಟ್ಟೆ. ಅವಳೂ ಮರೆತು ಓಡಿಬಂದಳು.

"ಇವ್ರವ್ವಂದು ಕೆಂಪು ಕಣ್ಣಲ್ವಾ? ಇದೆಲ್ಲಿಂದ ಬಂತು?"

"ಇವ್ರಜ್ಜಿದು. ಅವ್ವನ್ ಒಳಗೆ ಅಡಗಿತ್ತು, ಕಾಣ್ತಿರಲಿಲ್ಲ ಅಷ್ಟೆ."

ಅಜ್ಜಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಇಬ್ಬರೂ ತಿರುಗಿ ಅವ್ವನನ್ನು ನೋಡಿದೆವು.

ಅವ್ವ ಮೊರದಿಂದ ತಲೆ ಎತ್ತಲಿಲ್ಲ.

"ಅಂಗಾದ್ರೆ ನಿಮ್ಮಿಬ್ರು ಕ್ವಾಪ ನನ್ನೊಳಗೂ ಐತೆ. ವಸಿ ಉಸಾರು," ಎಂದಳು.