ಬಲಗೈ ಮಡಚಿಟ್ಟು ಆಡುವ ತಪ್ಪಮ್ಮ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಉದ್ದ ಕೋಣೆಯಲ್ಲಿ ನಲವತ್ತು ಕುರ್ಚಿಗಳೂ ಖಾಲಿ. ಮೂಲೆಯ ಹಳೇ ಸೋಫಾದ ಮೇಲೆ ಮಾತ್ರ ಐವತ್ತಮೂರರ ಒಬ್ಬ ಹೆಂಗಸು ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕುಳಿತಿದ್ದಾರೆ. ಪಕ್ಕದ ದಿಂಬಿನ ಮೇಲೆ ಆಟದ ಕಂಟ್ರೋಲರ್ ಮಲಗಿದೆ. ಎಡಗೈ ಹೆಬ್ಬೆರಳೊಂದರಿಂದಲೇ ಅದನ್ನು ಆಡಿಸುತ್ತ, ಹತ್ತಡಿ ದೂರದ ಟಿವಿಯಲ್ಲಿ ಬಣ್ಣದ ತುಂಡುಗಳನ್ನು ಪೆಟ್ಟಿಗೆಯೊಳಗೆ ಜೋಡಿಸುತ್ತಿದ್ದಾರೆ.

ಇವರು ಆಟ ಆಡುತ್ತಿಲ್ಲ, ಕೆಲಸ ಮಾಡುತ್ತಿದ್ದಾರೆ. ಮೊಬೈಲಿನಲ್ಲಿ ಜನ ಬಸ್ಸು ಕಾಯುತ್ತ ಆಡುವ ಪಜಲ್ ಆಟವೊಂದು ಈಗ ಮನೆಯ ಟಿವಿಗೆ ಜೋಡಿಸುವ ಗೇಮ್ ಕನ್ಸೋಲಿಗೆ ಬರುತ್ತಿದೆ. ಅದರಲ್ಲಿರುವ ತಪ್ಪು ಹುಡುಕುವುದು ಇವರ ಪಾಲಿನ ಕೆಲಸ. ರಾತ್ರಿ ತಯಾರಾದ ಹೊಸ ಆವೃತ್ತಿಯನ್ನು ಬೆಳಗ್ಗೆಯೇ ಪರೀಕ್ಷಿಸಿ, ಹತ್ತು ಗಂಟೆಗೆ ಪ್ರೋಗ್ರಾಮರುಗಳು ಬರುವಷ್ಟರಲ್ಲಿ ಅವರ ಮೇಜಿನ ಮೇಲೆ ಪಟ್ಟಿ ಇಟ್ಟಿರುತ್ತಾರೆ. ಕಚೇರಿಯವರು ಇಟ್ಟ ಹೆಸರು ತಪ್ಪಮ್ಮ.

"ಮೊಸರಲ್ಲಿ ಕಲ್ಲು ಹುಡುಕ್ತೀಯ ಅಂತ ಮನೇಲಿ ಬೈಸ್ಕೊಳ್ತಿದ್ದೆ. ಇಲ್ಲಿ ಅದಕ್ಕೇ ಸಂಬಳ ಕೊಡ್ತಾರೆ" ಎಂದು ನನ್ನ ಕಡೆ ನೋಡಿ ನಗುತ್ತಾರೆ.

ದಿನಕ್ಕೆ ನೂರ ನಲವತ್ತು ಲೆವೆಲ್. ಪ್ರತಿಯೊಂದನ್ನೂ ಮೂರು ಸಲ ಆಡಬೇಕು: ಒಮ್ಮೆ ಗೆದ್ದು, ಒಮ್ಮೆ ಸೋತು, ಒಮ್ಮೆ ಅರ್ಧಕ್ಕೇ ಬಿಟ್ಟು. ಬೇಕೆಂದೇ ಸೋಲುವುದು ಗೆಲ್ಲುವುದಕ್ಕಿಂತ ಕಷ್ಟ ಎನ್ನುತ್ತಾರೆ. ಇದಕ್ಕೂ ಮೊದಲು ಹತ್ತೊಂಬತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿದ್ದರು. ಹೊಲಿದು ಬಂದ ಅಂಗಿಗಳ ಕಾಲರ್ ತಿರುಗಿಸಿ, ಬಿಟ್ಟುಹೋದ ಹೊಲಿಗೆ ಹುಡುಕುವ ಮೇಜು ಅವರದು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಹೊತ್ತು ಹೋಗದೆ ಮೊಬೈಲಿನಲ್ಲಿ ಈ ಆಟ ಶುರುಮಾಡಿದರು. ಆಟದಲ್ಲಿ ಕಂಡ ದೋಷಗಳನ್ನೆಲ್ಲ ಕಂಪನಿಗೆ ಬರೆದರು. ಮೂವತ್ತೊಂದನೇ ದೂರು ತಲುಪಿದಾಗ ಕಂಪನಿಯವರು ಸೋತು, ಬನ್ನಿ, ಇಲ್ಲೇ ಕೂತು ದೂರು ಹೇಳಿ ಎಂದು ಕರೆದರು.

ಬಲಗೈ ಮಡಚಿಡುವ ರೂಢಿ ಬಂದಿದ್ದು ಅಕ್ಕನಿಂದ. ಇವರ ಜೊತೆಗೇ ಇರುವ ಅಕ್ಕನಿಗೆ ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ನೀರು ಕುಡಿಯುವುದಕ್ಕೂ ಇನ್ನೊಬ್ಬರನ್ನು ಕೂಗಬೇಕು. ಯಾರ ಹಂಗೂ ಇಲ್ಲದೆ ಆಕೆ ಮಾಡುತ್ತಿದ್ದದ್ದು ಇದೊಂದೇ, ಎಡಗೈ ಬೆರಳಲ್ಲಿ ಮೊಬೈಲಿನ ತುಂಡುಗಳನ್ನು ಎಳೆದು ಜೋಡಿಸುವುದು. ಈಗ ಕಣ್ಣೂ ಮಂಜಾಗಿ ಆ ಚಿಕ್ಕ ಪರದೆ ಕಾಣಿಸುತ್ತಿಲ್ಲ. ಟಿವಿಯಲ್ಲಿ ಬಂದರೆ ಕಂಡೀತು.

ಆದರೆ ಟಿವಿಗೆ ಬಂದ ಆಟ ಎರಡು ಕೈ ಕೇಳಿತು. ಬಲಗೈಯಲ್ಲಿ ಗುಂಡಿ ಒತ್ತಿ ಹಿಡಿದು, ಎಡಗೈಯಲ್ಲಿ ತುಂಡು ಸರಿಸಬೇಕು. ತಪ್ಪಮ್ಮ ಅದನ್ನು ದೋಷವೆಂದು ಬರೆದರು. ಕಂಟ್ರೋಲರ್ ಇರುವುದೇ ಹಾಗೆ ಎಂದು ಪ್ರೋಗ್ರಾಮರುಗಳು ಆ ದೂರನ್ನು ಮುಚ್ಚಿದರು. ಇವರು ಮತ್ತೆ ತೆರೆದರು. ಹೀಗೆ ಹನ್ನೊಂದು ಸಲ.

"ಅವರೆಲ್ಲ ಒಳ್ಳೇ ಮಕ್ಕಳೇ. ಎರಡೂ ಕೈ ನೆಟ್ಟಗಿರೋರಿಗೆ ಇದು ಹೊಳೆಯಲ್ಲ, ಅಷ್ಟೇ. ಅದಕ್ಕೆ ನಾನು ಬಿಡಲಿಲ್ಲ" ಎನ್ನುತ್ತಾರೆ.

ಕೊನೆಗೆ ತಂಡದವರು ಮಣಿದು, ಎಡಗೈಗೆ ಸಿಗುವಂತೆ ಎಲ್ಲ ಗುಂಡಿಗಳನ್ನು ಬದಲಿಸಿದರು. ತಪ್ಪಮ್ಮ ಬಲಗೈ ಮಡಚಿಟ್ಟು ನೂರು ಲೆವೆಲ್ ಆಡಿ 'ಪಾಸ್' ಎಂದು ಬರೆದರು. ಆಮೇಲೆ ಕನ್ಸೋಲನ್ನು ಮನೆಗೆ ಒಯ್ದು ಕಂಟ್ರೋಲರನ್ನು ಅಕ್ಕನ ಕೈಗಿಟ್ಟರೆ, ಗುಂಡಿ ಒತ್ತಿದಾಗಲೆಲ್ಲ ಅದು ವಾಲಿ ನೆಲಕ್ಕೆ ಬಿತ್ತು. ನಾಲ್ಕನೇ ಸಲ ಬಿದ್ದಾಗ ಅಕ್ಕ, "ಸಾಕು ಬಿಡೇ, ನನಗೆ ಇದು ಆಗಿಬರಲ್ಲ" ಎಂದು ಮುಖ ತಿರುಗಿಸಿದರಂತೆ.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರಲ್ಲ, ಹಾಗಾಗಿತ್ತು. "ಕೈಯೇನೋ ಮಡಚಿಟ್ಟಿದ್ದೆ. ಬಲ ಮಂಡಿ ಎತ್ತಿ ಅದಕ್ಕೆ ಒರಗಿಸ್ಕೊಂಡು ಆಡಿದ್ದು ನನಗೇ ಗೊತ್ತಾಗಿರಲಿಲ್ಲ. ಅಕ್ಕನಿಗೆ ಆ ಮಂಡಿನೂ ಇಲ್ಲವಲ್ಲ. ಅವತ್ತು ಊಟ ಸೇರಲಿಲ್ಲ." ಮರುದಿನ ಬೆಳಗ್ಗೆ ಪಟ್ಟಿಯ ಮೊದಲ ಸಾಲಿನಲ್ಲಿ ತಮ್ಮ ತಪ್ಪನ್ನೇ ಬರೆದರು: ನಾನು ಪಾಸ್ ಮಾಡಿದ್ದು ಸರಿಯಲ್ಲ, ವಾಪಸ್ ತೆಗೆದುಕೊಂಡಿದ್ದೇನೆ. ಬಿಡುಗಡೆಯ ದಿನ ಹತ್ತಿರ ಬಂದಿದೆ ಎಂದು ತಂಡದ ಮುಖ್ಯಸ್ಥರು ಗೋಗರೆದರೂ ಜಗ್ಗಲಿಲ್ಲ. ಕಂಟ್ರೋಲರನ್ನು ಹಿಡಿಯಲೇಬಾರದು, ದಿಂಬಿನ ಮೇಲಿಟ್ಟು ಒಂದೇ ಹೆಬ್ಬೆರಳಲ್ಲಿ ಆಡುವಂತಿರಬೇಕು ಎಂದು ಪಟ್ಟು ಹಿಡಿದರು.

ಈ ಬೆಳಗ್ಗೆ ಇವರ ಮುಂದಿರುವುದು ಆ ಆವೃತ್ತಿ. ಸಂಜೆಯೊಳಗೆ ಆಟ ಅಂಗಡಿಗೆ ಸಿದ್ಧವೆಂದು ಮುದ್ರೆ ಬೀಳುತ್ತದೆ. ಆಮೇಲೆ ಒಂದು ಗುಂಡಿಯೂ ಬದಲಾಗದು. ಈ ಸಲ ತಪ್ಪಮ್ಮ ತಮ್ಮ ಕೈಯನ್ನು ನಂಬಿಲ್ಲ. ಹತ್ತೂವರೆಗೆ ಬಾಡಿಗೆ ಕಾರಿನಲ್ಲಿ ಅಕ್ಕನನ್ನೇ ಕರೆಸಿದ್ದಾರೆ.

ಅಕ್ಕ ಸೋಫಾದಲ್ಲಿ ಕೂರುತ್ತಾರೆ. ಮುಖ್ಯಸ್ಥರು ತಾವೇ ದಿಂಬು ಸರಿಮಾಡಿ ಹಿಂದೆ ನಿಲ್ಲುತ್ತಾರೆ. ಮೊದಲ ಲೆವೆಲ್ ಸೋಲು. ಎರಡನೆಯದೂ ಸೋಲು. ತಂಗಿ ಕೈ ಚಾಚಲು ಹೋಗಿ ತಡೆದುಕೊಳ್ಳುತ್ತಾರೆ. ಮೂರನೆಯದರಲ್ಲಿ ಕೊನೆಯ ನೀಲಿ ತುಂಡು ಪೆಟ್ಟಿಗೆಯೊಳಗೆ ಕೂರುತ್ತದೆ. ಅಕ್ಕ ನಾಲ್ಕನೆಯದನ್ನು ಶುರುಮಾಡುತ್ತಾರೆ. ಹನ್ನೆರಡು ಲೆವೆಲ್ ಮುಗಿದ ಮೇಲೆ ತಪ್ಪಮ್ಮ ಕಂಪ್ಯೂಟರಿನ ಮುಂದೆ ಕುಳಿತು 'ಪಾಸ್' ಎಂದು ಬರೆಯುತ್ತಾರೆ.

ಆಟದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ನಿಮ್ಮದೂ ಇರುತ್ತದೆಯೇ ಎಂದು ಕೇಳುತ್ತೇನೆ. "ಇಲ್ಲಪ್ಪ, ನಾವು ಗುತ್ತಿಗೆಯವರು. ಅಂಗಿ ಮೇಲೂ ನನ್ನ ಹೆಸರು ಇರ್ತಿರಲಿಲ್ಲ" ಎನ್ನುತ್ತಾರೆ. ಆಮೇಲೆ ಸೋಫಾದ ಕಡೆ ತಿರುಗಿ, "ಅಕ್ಕಾ, ಕಾರು ಬಂದಿದೆ. ಹೋಗೋಣ್ವಾ?"

"ಇರೇ, ಇದೊಂದು ಮುಗಿಸ್ತೀನಿ." ಅಕ್ಕನ ಕಣ್ಣು ಟಿವಿಯ ಮೇಲೇ ಇದೆ.

ತಪ್ಪಮ್ಮ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ನೀರಿಗೆ, ಬಾಚಣಿಗೆಗೆ, ಎಲ್ಲದಕ್ಕೂ ಮೂರು ವರ್ಷದಿಂದ ಇವಳು ನನ್ನ ಕಾಯ್ತಿದ್ಲು. ಇವತ್ತು ನಾನು ಕಾಯ್ತೀನಿ ಬಿಡಿ."