ಮಿಸ್ ಯೂನಿಟ್ ಕೇಳದ ದಿನ

ಶಾರದಾ ಮಿಸ್ ಕೆಂಪು ಪೆನ್ನಿನ ಮುಚ್ಚಳ ತೆಗೆದರೆ ಟಕ್ ಎಂದು ಸದ್ದಾಗುತ್ತಿತ್ತು. ಆ ಸದ್ದಿಗೆ, ಗೇಟಿನ ಹೊರಗೆ ಸ್ಕೂಟರಿನ ಮೇಲೆ ಕೂತ ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಒಳಗೆ ವರಾಂಡದಲ್ಲಿ ನನ್ನ ಮಗಳು ಕಾವ್ಯ ಲೆಕ್ಕ ತೋರಿಸುತ್ತಿದ್ದಳು.

"ಐದು ಅಂತ ಬರ್ದಿದೀಯಲ್ಲ, ಐದು ಏನು? ಐದು ಇಡ್ಲಿನಾ, ಐದು ಎಮ್ಮೆನಾ?"

"ಮೀಟರ್, ಮಿಸ್."

"ಅದು ನಂಗೆ ಕನಸು ಬೀಳ್ಬೇಕಾ? ಬರಿ!"

ಉತ್ತರ ಸರಿಯಿದ್ದರೂ ಯೂನಿಟ್ ಇಲ್ಲದಿದ್ದರೆ ಅಡ್ಡಗೆರೆಯೇ. ಕೆಮಿಸ್ಟ್ರಿಗೂ ಅದೇ ಶಿಕ್ಷೆ. "ಹನ್ನೆರಡು ಗ್ರಾಮೋ, ಹನ್ನೆರಡು ಮೋಲೋ? ಎರಡೂ ಒಂದೇ ಆಗಿದ್ರೆ ನಾನು ಕಾಲೇಜಲ್ಲಿ ಅಷ್ಟು ವರ್ಷ ಸುಮ್ನೆ ಗಂಟಲು ಹರ್ಕೊಂಡೆ!"

ಮಿಸ್ ರಿಟೈರ್ ಆಗಿ ಬನಶಂಕರಿಯಲ್ಲಿ ತಂಗಿಯ ಜೊತೆಗಿದ್ದರು. ನನ್ನದು ಹೊಸಕೆರೆಹಳ್ಳಿಯಲ್ಲಿ ಗ್ರಿಲ್ ವೆಲ್ಡಿಂಗ್ ಅಂಗಡಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕೆ ನಾನು ಎಲ್ಲೂ ತಲೆ ತಗ್ಗಿಸಿಲ್ಲ; ಮನೆ ನಡೆಸಿದ್ದು ಈ ಕೈಗಳೇ. ಆದರೆ ಪಿಯುಸಿಗೆ ಸೇರಿದ ಕಾವ್ಯ ಫಿಸಿಕ್ಸ್ ಟೆಸ್ಟಿನಲ್ಲಿ ಫೇಲಾಗಿ, "ಓದು ಸಾಕಪ್ಪ, ಕೆಲಸಕ್ಕೆ ಹೋಗ್ತೀನಿ" ಎಂದ ದಿನ ಊಟ ಇಳಿಯಲಿಲ್ಲ. ಅದೇ ಮಾತನ್ನು ನಾನು ನಮ್ಮಪ್ಪನಿಗೆ ಹೇಳಿದ್ದೆ.

ಅವಳನ್ನು ಮಿಸ್ ಹತ್ತಿರ ಟ್ಯೂಷನ್ನಿಗೆ ಕರೆದೊಯ್ದೆ. ಅವರು ಫೀಸು ಬೇಡ ಎಂದರು. ಪುಕ್ಕಟೆ ನನಗೆ ಒಗ್ಗದು. ಅವರ ತುಕ್ಕು ಹಿಡಿದ ಗೇಟು ಕಿತ್ತು ಹೊಸದು ಕೂರಿಸಿದೆ.

"ಚೆನ್ನಾಗಿದೆ ಮಾದೇವಪ್ಪ. ಎತ್ತರ ಎಷ್ಟು?"

"ಐದು," ಎಂದವನು ನಾಲಗೆ ಕಚ್ಚಿಕೊಂಡೆ. "ಅಡಿ! ಐದು ಅಡಿ, ಮೇಡಂ!"

ಮಿಸ್ ಬೀದಿಗೆ ಕೇಳುವಂತೆ ನಕ್ಕರು.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸಂಜೆ ಕಾವ್ಯ ಹೊರಗೆ ಬಂದವಳು ಸ್ಕೂಟರ್ ಹತ್ತದೆ ನಿಂತಳು.

"ಅಪ್ಪ, ಮಿಸ್ ಇವತ್ತು ಯೂನಿಟ್ ಕೇಳ್ಲಿಲ್ಲ."

"ಮರ್ತಿರ್ತಾರೆ ಬಿಡು."

"ಒಂದು ಲೆಕ್ಕಕ್ಕೂ ಕೇಳ್ಲಿಲ್ಲಪ್ಪ. ಕೊನೇಲಿ ಬೇಕು ಅಂತಾನೇ ಬಿಟ್ಟೆ. ಆಗ್ಲೂ ರೈಟ್ ಹಾಕಿದ್ರು."



ಮರುದಿನ ಮೊದಲ ಸಲ ಒಳಗೆ ಹೋಗಿ ಕೂತೆ. ಕಾವ್ಯ ಲೆಕ್ಕ ಮುಗಿಸಿ, ಬರೀ ಇಪ್ಪತ್ತು ಎಂದು ಬರೆದು ಮುಂದಿಟ್ಟಳು. ಟಕ್ ಎಂದಿತು ಪೆನ್ನು. ಮಿಸ್ ಆ ಅಂಕಿಯನ್ನೇ ತುಂಬ ಹೊತ್ತು ನೋಡಿದರು. ಬಾಗಿಲಲ್ಲಿ ನಿಂತಿದ್ದ ತಂಗಿ ನೆಲ ನೋಡಿದರು.

"ಸರಿಯಾಗಿದೆ, ಮಗು."

ನನಗೆ ತಡೆಯಲಾಗಲಿಲ್ಲ. "ಇಪ್ಪತ್ತು ಏನು, ಮಗಾ? ಇಪ್ಪತ್ತು ಇಡ್ಲಿನಾ?"

"ನ್ಯೂಟನ್, ಅಪ್ಪ."

ಮಿಸ್ ಗೇಟಿನ ದಿನದಂತೆಯೇ ಜೋರಾಗಿ ನಕ್ಕರು. ನನ್ನನ್ನು ಮೇಲಿಂದ ಕೆಳಗೆ ನೋಡಿ ತಂಗಿಯನ್ನು ಕೇಳಿದರು: "ಚೆನ್ನಾಗಿ ಕೇಳ್ತಾರೆ ಕಣೇ. ಹೊಸ ಮೇಷ್ಟ್ರಾ?"

ಮುಂದಿನ ವಾರ, ಒಬ್ಬರೇ ನೋಡಿಕೊಳ್ಳಲಾಗದೆ, ತಂಗಿ ಅವರನ್ನು ಅಂಜನಾಪುರದ ಅಣ್ಣನ ಮನೆಗೆ ಕರೆದೊಯ್ದರು. ನಾನು ಮಾಡಿದ ಗೇಟಿಗೆ ಈಗ ಬೀಗ.

ಸೋಮವಾರ ಪರೀಕ್ಷೆ. ಸಂಜೆ ಅಂಗಡಿ ಮುಚ್ಚಿ ಬಂದು ಕಾವ್ಯಳ ಎದುರು ಕೂರುತ್ತೇನೆ. ಅವಳ ಲೆಕ್ಕ ಸರಿಯೋ ತಪ್ಪೋ ನನಗೆ ತಿಳಿಯದು. ಅಂಕಿಯ ಪಕ್ಕ ಏನಾದರೂ ಬರೆದಿದೆಯೇ ಎಂದಷ್ಟೇ ನೋಡುತ್ತೇನೆ.