ಧಾರೆ ಫೋಟೋದ ಎಡ ಅಂಚು

ನಮ್ಮ ಬಾಲರಾಜಣ್ಣ ಫುಲ್ ಫ್ರೇಮ್ ಕ್ಯಾಮೆರಾ ತಗೊಳ್ಳಬೇಕೋ ಬೇಡವೋ ಎಂದು ಪೂರ್ತಿ ಎರಡು ವರ್ಷ ಮೀನ ಮೇಷ ಎಣಿಸಿದ. ಅಷ್ಟು ಹೊತ್ತಿಗೆ ಬೇರೆ ಯಾರಾದರೂ ಹೆಣ್ಣು ನೋಡಿ, ಮದುವೆಯಾಗಿ, ಮಗುವಿಗೆ ಕಿವಿ ಚುಚ್ಚಿಸಿ ಮುಗಿಸಿರುತ್ತಿದ್ದರು. ನಾನು ದಿವ್ಯ. ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ, ಮಹಡಿ ಮೇಲಿರುವ ಅವನ ಸ್ಟುಡಿಯೋದಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತು ಮದುವೆ ಆಲ್ಬಂ ಜೋಡಿಸುತ್ತೇನೆ. ಬಾಯಿ ಜೋರು ಎಂದು ಹೆಸರಾಗಿದೆ. ಅವನಿಗೆ ಬೈದಷ್ಟು ನಾನು ಒಡಹುಟ್ಟಿದ ಅಣ್ಣನಿಗೂ ಬೈದಿಲ್ಲ. ಆದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ಬೈಸಿಕೊಳ್ಳಬೇಕಾದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಲರಾಜಣ್ಣ ಹೊಂಗನೂರಿನವನು. ಅಪ್ಪ ರಾಮಲಿಂಗಯ್ಯನವರದು ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ. ಹುಳಕ್ಕೆ ಸೊಪ್ಪು ಹಾಕು ಎಂದರೆ ಇವನು ಸೊಪ್ಪಿನ ಮೇಲೆ ಬಿದ್ದ ಬಿಸಿಲು ನೋಡುತ್ತ ಕೂರುತ್ತಿದ್ದನಂತೆ. ಹತ್ತೊಂಬತ್ತಕ್ಕೆ ಕ್ಯಾಮೆರಾ ಹಿಡಿದವನು, ಈಗ ನಲವತ್ತಾರು. ಸುತ್ತಲಿನ ಹಳ್ಳಿಗಳ ನಾಮಕರಣ, ಗೃಹಪ್ರವೇಶ, ಕಬ್ಬಾಳಮ್ಮನ ಗುಡಿ ಮುಂದೆ ಮುಡಿ ಕೊಟ್ಟ ಮಕ್ಕಳ ಬೋಳುತಲೆ, ಎಲ್ಲಾ ಅವನದೇ. ಪ್ಲಾಸ್ಟಿಕ್ ಸ್ಟೂಲ್ ಹತ್ತಿ ನಿಂತು, "ಒಸಿ ನಗ್ರಪ್ಪಾ, ಹಲ್ಲೇನೂ ಉದುರಾಕಿಲ್ಲ" ಎಂದು ಕೂಗಿದರೆ ಮಾವ ಅಳಿಯ ಮಾತು ಬಿಟ್ಟಿದ್ದರೂ ನಗಬೇಕು. ಮನುಷ್ಯ ಒಳ್ಳೆಯವನು. ಆದರೆ ಯಾರು ಏನೆಂದರೂ ಕೋಲೆ ಬಸವನ ಹಾಗೆ ತಲೆ ಆಡಿಸುತ್ತಾನೆ. ಅದೊಂದು ಕೆಟ್ಟ ಚಾಳಿ.

ಅವನ ಕ್ಯಾಮೆರಾಕ್ಕೆ ಒಂಬತ್ತು ವರ್ಷ. ಅದರೊಳಗಿನ ಸೆನ್ಸರ್ ಚಿಕ್ಕದು, ಕ್ರಾಪ್ ಸೆನ್ಸರ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದು ದೊಡ್ಡದು. ಅದೇ ಲೆನ್ಸ್ ಹಾಕಿ, ಅದೇ ಜಾಗದಲ್ಲಿ ನಿಂತು ಹೊಡೆದರೂ ಚಿಕ್ಕದರಲ್ಲಿ ನಾಲ್ಕು ಕಡೆಯ ಅಂಚೂ ಹೋಗುತ್ತದೆ, ನಡುವಿನದಷ್ಟೇ ಬೀಳುತ್ತದೆ. ಹಳ್ಳಿಯ ಸಮುದಾಯ ಭವನಗಳಲ್ಲಿ ಹಿಂದಕ್ಕೆ ಸರಿಯೋಣ ಎಂದರೆ ಬೆನ್ನಿಗೆ ಗೋಡೆ. ಈಗಿನ ಹುಡುಗರು ಬುಕ್ ಮಾಡುವ ಮೊದಲೇ "ಫುಲ್ ಫ್ರೇಮ್ ಐತಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ರಾಮನಗರಕ್ಕೋ ಬೆಂಗಳೂರಿಗೋ ಫೋನು ಹೋಗುತ್ತದೆ.

ಅಂಚಿನಲ್ಲಿ ನಿಲ್ಲುವವರು ಯಾರು ಎಂದು ನಾನೂ ಬಹಳ ವರ್ಷ ಯೋಚಿಸಿರಲಿಲ್ಲ. ನಡುವೆ ಗಂಡು ಹೆಣ್ಣು, ಪಕ್ಕಕ್ಕೆ ಅಪ್ಪ ಅಮ್ಮಂದಿರು, ಆಮೇಲೆ ಮುತ್ತೈದೆಯರು. ಗಂಡ ಸತ್ತವರು ತಾವಾಗಿಯೇ ಕಂಬದ ಹಿಂದೆ, ಬಾಗಿಲ ಸಂದಿನಲ್ಲಿ ನಿಲ್ಲುತ್ತಾರೆ. ಯಾರೂ ಹೋಗು ಎನ್ನಬೇಕಾಗಿಲ್ಲ. ಮರೆತು ಯಾರಾದರೂ ಒಂದು ಹೆಜ್ಜೆ ಮುಂದೆ ಬಂದರೆ ಬಾಲರಾಜಣ್ಣನೇ, "ಅವ್ವಾ, ಒಸಿ ಪಕ್ಕಕ್ಕೆ ಬನ್ನಿ" ಎನ್ನುತ್ತಿದ್ದ. ಮೆತ್ತಗೇ ಹೇಳುತ್ತಿದ್ದ. ಮೆತ್ತಗೆ ಹೇಳಿದರೆ ಮಾತು ಬದಲಾಗುತ್ತದೆಯೇ?

ಅವನ ಅಕ್ಕ ಲತಾಮಣಿಯೂ ಹಾಗೆ ಪಕ್ಕಕ್ಕೆ ಹೋದವಳೇ. ಗಂಡ ಪಂಪ್‌ಸೆಟ್ಟಿನ ಕರೆಂಟ್ ಹೊಡೆದು ಸತ್ತಾಗ ಮಗಳು ರಮ್ಯಾಗೆ ಎರಡು ವರ್ಷ. ಅಲ್ಲಿಂದ ಹುಳ ಸಾಕಿ ಸಾಕಿಯೇ ಮಗಳನ್ನು ಡಿಗ್ರಿ ಓದಿಸಿದಳು. ಸಂತೆಗೆ ಬಂದರೆ ಸ್ಟುಡಿಯೋ ಮೆಟ್ಟಿಲು ಹತ್ತಿ ನನಗೊಂದು ಹಿಡಿ ಅವರೆಕಾಯಿ ಕೊಡದೆ ಹೋದವಳಲ್ಲ. ರಮ್ಯಾಗೆ ಕನಕಪುರದ ಕಡೆಯ ಹುಡುಗ ಸಿದ್ಧಾರ್ಥನ ಜೊತೆ ಮದುವೆ ಗೊತ್ತಾಯಿತು. ಹುಡುಗ ಹೈಸ್ಕೂಲು ಮೇಷ್ಟ್ರು.

"ಧಾರೆ ಎರೆಯೋದು ಯಾರಕ್ಕ?" ಎಂದು ನಾನು ಕೇಳಿದೆ.

"ಅವಳ ಚಿಕ್ಕಪ್ಪ ಚಿಕ್ಕಮ್ಮ ಎರೀತಾರೆ ಕಣವ್ವ. ನಾನೆಲ್ಲಿ ಎರೆಯಾಕಾಯ್ತದೆ?"

"ಹೆತ್ತೋಳು ನೀನು, ಸಾಕ್ದೋಳು ನೀನು, ನೀರು ಬಿಡೋಳು ಅವಳಾ?"

"ಸುಮ್ಕಿರವ್ವ. ನೋಡಾಕೆ ಸಿಕ್ರೆ ಸಾಕು ನಂಗೆ."

ಈ ಮದುವೆಗೆಂದೇ ಬಾಲರಾಜಣ್ಣ ರಾಮನಗರದ ಸಮದಣ್ಣನ ಹತ್ತಿರ ಒಂದು ಫುಲ್ ಫ್ರೇಮ್ ಕ್ಯಾಮೆರಾ ತಂದ. ಸಮದಣ್ಣ ಕ್ಯಾಮೆರಾ ಬಾಡಿಗೆಗೆ ಕೊಡುವವನು, ಹಳೆಯ ದೋಸ್ತಿ. "ಹೊಡೆದು ನೋಡ್ರಿ ಬಾಲಣ್ಣ, ಇಷ್ಟ ಆದ್ರೆ ಇದನ್ನೇ ಮಡಿಕ್ಕೊಳ್ಳಿ" ಎಂದು ಕಳಿಸಿದ್ದ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹೊಂಗನೂರಿನ ಸಮುದಾಯ ಭವನದಲ್ಲಿ ಮಂಟಪ ಕಟ್ಟುತ್ತಿದ್ದರು. ಬಾಲರಾಜಣ್ಣ ಗೋಡೆಗೆ ಬೆನ್ನು ಕೊಟ್ಟು ಸ್ಟೂಲ್ ಹಾಕಿದ. ಎರಡು ಕ್ಯಾಮೆರಾವನ್ನೂ ಹೋಲಿಸಿ ನೋಡಲು ಯಾರನ್ನಾದರೂ ನಿಲ್ಲಿಸಬೇಕಿತ್ತು. ಅಕ್ಕ ಬಾಳೆಕಂದು ಹೊತ್ತುಕೊಂಡು ಬರುತ್ತಿದ್ದಳು.

"ಅಕ್ಕ, ಒಸಿ ಆ ಎಡಗಡೆ ಕಂಬದ ತಾವ ನಿಂತ್ಕೊ."

ಹಳೆಯ ಕ್ಯಾಮೆರಾದಲ್ಲಿ ಹೊಡೆದು ತೋರಿಸಿದ. ಮಂಟಪ ಇತ್ತು, ಅಕ್ಕ ಇರಲಿಲ್ಲ. ಅದೇ ಲೆನ್ಸ್ ತೆಗೆದು ಹೊಸದಕ್ಕೆ ಸಿಕ್ಕಿಸಿ ಹೊಡೆದ. ಮಂಟಪ, ಕಂಬ, ಕಂಬದ ಪಕ್ಕ ಬಾಳೆಕಂದು ಹಿಡಿದ ಅಕ್ಕ, ಮೂರೂ ಇದ್ದವು.

"ಅಯ್ಯೋ, ಇದ್ರಲ್ಲಿ ಬಿದ್ದಿವ್ನಿ ಕಣ್ಲಾ ಬಾಲು!" ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅಂಗಾರೆ ನಾಳಿಕೆ ಇಲ್ಲೇ ನಿಂತಿದ್ರೆ ಧಾರೆ ಫೋಟೋಗೆ ಬೀಳ್ತೀನಾ? ಮಂಟಪದ ತಾವ ಬರಾಕಿಲ್ಲ ನಾನು. ಇಲ್ಲೇ ಇರ್ತೀನಿ."

"ಬೀಳ್ತೀಯ ಕಣಕ್ಕ. ಬೀಳದೆ ಏನು?"

ಅವಳು ಆ ಜಾಗವನ್ನು ಮರೆಯಬಾರದೆಂದು ಕಂಬದ ಬುಡಕ್ಕೆ ಒಂದು ಅರಿಶಿನದ ಬೊಟ್ಟು ಇಟ್ಟಳು. ನಾನು ನೋಡಿ ನಕ್ಕೆ. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿದೆ ಎಂದು ಡಾಕ್ಟರು ಹೇಳಿ ಆಗಲೇ ಒಂದು ತಿಂಗಳಾಗಿತ್ತಂತೆ. ಮಗಳ ಮದುವೆ ಮುಗಿಯಲಿ ಎಂದು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನನಗೆ ಅದು ಗೊತ್ತಿದ್ದರೆ ಎಂದು ಈಗ ಅಂದುಕೊಂಡು ಏನು ಬಂತು?

ಮದುವೆ ಆಯಿತು. ಮೂರು ದಿನ ಬಿಟ್ಟು ನಾನು ಫೋಟೋಗಳನ್ನು ತೆರೆದೆ. ಧಾರೆಯ ಫೋಟೋ ಎಂದರೆ ಫೋಟೋ! ಚಿಕ್ಕಪ್ಪ ಚಿಕ್ಕಮ್ಮ ಬಿಡುತ್ತಿದ್ದ ನೀರು ನೂಲಿನ ಎಳೆಯ ಹಾಗೆ ಕಾಣುತ್ತಿತ್ತು. ಎಡ ಅಂಚಿನಲ್ಲಿ, ಅದೇ ಕಂಬದ ಪಕ್ಕ, ಹಸಿರು ಸೀರೆಯಲ್ಲಿ ಅಕ್ಕ. ಬಲಗೈ ಎತ್ತಿ ಮಂಟಪದ ಕಡೆಗೆ ಚಾಚಿದ್ದಳು, ಬೆರಳ ಸಂದಿಯಿಂದ ಅಕ್ಷತೆ ಹಾರುತ್ತಿತ್ತು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ಸುತ್ತ ಇನ್ನೂರು ಜನರ ಮೊಬೈಲು ಮಂಟಪದ ಕಡೆಗೇ ತಿರುಗಿದ್ದವು. ಅವಳು ಮಾತ್ರ ನೇರವಾಗಿ ನಮ್ಮ ಕ್ಯಾಮೆರಾವನ್ನೇ ನೋಡುತ್ತಿದ್ದಳು.

"ಅಣ್ಣ, ಕ್ಯಾಮೆರಾ ತಗೊಂಬಿಡು. ಇನ್ನೇನು ಯೋಚನೆ ಮಾಡ್ಬೇಡ" ಎಂದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ. ಸಮದಣ್ಣನಿಗೆ ಫೋನ್ ಮಾಡಿ, "ಮಡಿಕ್ಕೊಂತೀನಿ ಕಣಣ್ಣ" ಎಂದ. ಎರಡು ವರ್ಷದ ತಕರಾರು ಒಂದೇ ಫೋಟೋದಲ್ಲಿ ಮುಗಿಯಿತು ಎಂದು ನಾನು ಟೀ ತರಿಸಿದೆ.

ಆಲ್ಬಮ್ಮಿಗೆ ಫೋಟೋ ಆರಿಸಲು ಸಿದ್ಧಾರ್ಥನ ತಾಯಿ ನಾಗಲಕ್ಷ್ಮಮ್ಮ ಬಂದರು. ಕೆಟ್ಟ ಹೆಂಗಸಲ್ಲ. ಬರುವಾಗ ಬಾಳೆಹಣ್ಣು ತಂದಿದ್ದರು, ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದೊಂದನ್ನೇ ಮೆಚ್ಚಿದರು. ಧಾರೆಯ ಫೋಟೋ ಬಂದಾಗ ಮಾತು ನಿಲ್ಲಿಸಿದರು.

"ಇದು ಮೊದಲ್ನೇ ಹಾಳೇಗೆ ಬತ್ತದಾ?"

"ಹೂಂ ಅಮ್ಮ, ಎರಡು ಹಾಳೆ ತುಂಬಾ."

"ಬೀಗಿತ್ತಿ ಮ್ಯಾಲೆ ನಂಗೇನೂ ಇಲ್ಲ ಕಣವ್ವ. ಆದ್ರೆ ಮನೇಗೆ ಬಂದೋರೆಲ್ಲ ನೋಡೋ ಆಲ್ಬಂ. ಧಾರೆ ಫೋಟೋದಲ್ಲಿ, ಅಳ್ತಾ... ಶುಭಕಾರ್ಯ ನೋಡು. ಆ ಕಡೇನ ಒಸಿ ಕಟ್ ಮಾಡಾಕಾಗಾಕಿಲ್ವಾ?"

ನಾನು ಬಾಲರಾಜಣ್ಣನ ಮುಖ ನೋಡಿದೆ. ಒಡಹುಟ್ಟಿದವಳು, ಇವನಾದರೂ ಮಾತಾಡುತ್ತಾನೆ ಎಂದುಕೊಂಡೆ. ಅವನು ತಲೆ ಆಡಿಸಿದ. ಅದೇ ಕೋಲೆ ಬಸವ!

ಅವರು ಮೆಟ್ಟಿಲಿಳಿದ ಮೇಲೆ ನಾನು ಕೂಗಾಡಿದೆ. "ನಾಚಿಕೆ ಆಗಲ್ವಾ ನಿಂಗೆ? ಫುಲ್ ಫ್ರೇಮ್ ತಂದು ಕ್ರಾಪ್ ಮಾಡೋಕೆ ಹೇಳ್ತೀಯಲ್ಲ?"

"ಆ ಮನೇಲಿ ಬಾಳ್ಬೇಕಾದೋಳು ರಮ್ಯಾ ಕಣೆ. ಮೊದಲ್ನೇ ತಿಂಗಳಲ್ಲೇ ಯಾಕೆ ಮಾತು? ಅಕ್ಕಂಗೆ ಬೇರೆ ಒಂದು ಪ್ರಿಂಟ್ ಹಾಕ್ಕೊಡಾನ, ಪೂರ್ತಿದು. ಆಮ್ಯಾಕೆ."

ಕೂಗಾಡಿದವಳೇ ಕೂತು ಕತ್ತರಿಸಿದೆ. ಸಿಟ್ಟಿನಲ್ಲಿ ಸರಿಯಾಗಿಯೂ ಕತ್ತರಿಸಲಿಲ್ಲ, ಮೌಸ್ ಎಳೆದು ಬಿಟ್ಟೆ.

ನಮ್ಮ ಸ್ಟುಡಿಯೋದಲ್ಲಿ ಒಂದು ಪದ್ಧತಿ ಇದೆ. ಆಲ್ಬಂ ಪಾರ್ಟಿಯ ಕೈಗೆ ಹೋದ ಮೇಲೆ ಜೋಡಿಸಿದ ಹಾಳೆಗಳನ್ನಷ್ಟೇ ಇಟ್ಟುಕೊಂಡು ಮೂಲ ಫೋಟೋಗಳನ್ನು ಅಳಿಸಿಬಿಡುತ್ತೇವೆ. ಇರುವುದು ಒಂದೇ ಹಾರ್ಡ್ ಡಿಸ್ಕ್. ಮೊದಲಾದರೆ ಆರು ತಿಂಗಳಿಗೊಮ್ಮೆ ಅಳಿಸುತ್ತಿದ್ದೆ. ದೊಡ್ಡ ಕ್ಯಾಮೆರಾದ ಫೈಲುಗಳೂ ದೊಡ್ಡವು, ಎರಡೇ ಮದುವೆಗೆ ಡಿಸ್ಕ್ ತುಂಬಿತು. ಲಗ್ನದ ತಿಂಗಳು, ಮಾಗಡಿಯ ಪಾರ್ಟಿ ತಲೆಯ ಮೇಲೆ ಕೂತಿತ್ತು. ಎಂದಿನಂತೆ ಎಲ್ಲ ಆರಿಸಿ ಡಿಲೀಟ್ ಒತ್ತಿದೆ. ಅಕ್ಕನ ಪ್ರಿಂಟ್ ನನಗೆ ನೆನಪಾಗಲಿಲ್ಲ. ಆ ಹೊತ್ತಿಗೆ ಅಕ್ಕ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಳು, ಬಾಲರಾಜಣ್ಣನ ತಲೆಯೂ ನೆಟ್ಟಗಿರಲಿಲ್ಲ.

ಒಂದು ಸಲ ನೋಡಲು ಹೋಗಿದ್ದೆ. ಮುಖ ಅರ್ಧವಾಗಿತ್ತು. "ನಾನು ಬಿದ್ದಿವ್ನೇನವ್ವ ದಿವ್ಯ?" ಎಂದು ಕೇಳಿದಳು.

"ಚೆನ್ನಾಗಿ ಬಿದ್ದಿದ್ದೀಯ ಅಕ್ಕ. ತರ್ತೀನಿ ಫೋಟೋನ" ಎಂದೆ. ಮಾರನೆಯ ದಿನ ಡಿಸ್ಕಿನಲ್ಲಿ ಹುಡುಕಿದರೆ ರಮ್ಯಾ ಮದುವೆಯ ಮೂಲ ಫೋಟೋ ಒಂದೂ ಇರಲಿಲ್ಲ. ಅಳಿಸಿದ ಜಾಗದ ಮೇಲೆ ಆಗಲೇ ಬೇರೆ ಮದುವೆ ತುಂಬಿದ್ದೆ. ಸಮದಣ್ಣನಿಗೆ ಹೇಳಿ ಅವನ ಕಡೆಯ ಹುಡುಗನಿಂದ ಏನೇನೋ ಮಾಡಿಸಿದೆ. ಊಟದ ಪಂಕ್ತಿಯ ನಾಲ್ಕು ಫೋಟೋ ಅರ್ಧಂಬರ್ಧ ವಾಪಸ್ ಬಂದವು. ಧಾರೆ ಬರಲಿಲ್ಲ. ಮತ್ತೆ ಆಸ್ಪತ್ರೆಗೆ ಹೋಗಲು ನನಗೆ ಮುಖ ಇರಲಿಲ್ಲ, ಹೋಗಲಿಲ್ಲ. ಮದುವೆಯಾಗಿ ಮೂರು ತಿಂಗಳು ತುಂಬುವ ಮೊದಲೇ ಅಕ್ಕ ತೀರಿಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ತುತ್ತನ್ನು ತಟ್ಟಿ ಕೆಡವಿದ ಕೈ ನನ್ನದು.

ಅಕ್ಕ ಹೋದ ಆರನೆಯ ದಿನ ರಮ್ಯಾ ಸ್ಟುಡಿಯೋಗೆ ಬಂದಳು. ತಿಥಿಯಲ್ಲಿ ಹಾರ ಹಾಕಿ ಇಡಲು ಅವಳ ಮೊಬೈಲಿನಲ್ಲೇ ಒಂದು ಫೋಟೋ ಇತ್ತು. ಹುಳದ ಮನೆಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡಿದ್ದ ಅಕ್ಕ. ಅದನ್ನು ದೊಡ್ಡದು ಮಾಡಲು ಕೊಟ್ಟು, ಮಾವನ ಮುಂದೆ ಕೂತಳು.

"ಮಾವ, ನನ್ ಮದುವೆ ಧಾರೇಲಿ ಅವ್ವ ಇರೋ ಫೋಟೋ ಕೊಡಿ."

ಬಾಲರಾಜಣ್ಣ ನನ್ನ ಕಡೆ ನೋಡಲಿಲ್ಲ. "ಕ್ಯಾಮೆರಾಕ್ಕೆ ಬೀಳ್ಲಿಲ್ಲ ಕಣವ್ವ. ಅಕ್ಕ ಬಲೇ ದೂರದಲ್ಲಿದ್ಲು."

"ಸುಳ್ಳು ಹೇಳ್ಬೇಡಿ ಮಾವ. ಹಿಂದಿನ ದಿನ ನೀವೇ ನಿಲ್ಸಿ ತೋರ್ಸಿದ್ರಂತೆ. 'ಬೊಟ್ಟಿಟ್ಟಿರೋ ಜಾಗ ಬುಟ್ಟು ಅಲ್ಲಾಡ್ಲಿಲ್ಲ ಕಣವ್ವ, ಈ ಸಲ ನಾನೂ ಇವ್ನಿ' ಅಂತ ಅವ್ವ ಆಸ್ಪತ್ರೇಲಿ ನರ್ಸಿಗೆಲ್ಲ ಹೇಳವ್ಳೆ."

"ನಾನು ಕತ್ತರಿಸ್ದೆ ರಮ್ಯಾ. ನಾನೇ ಅಳಿಸ್ದೆ" ಎಂದೆ. ಯಾರು ಹೇಳಿದ್ದು, ಯಾಕೆ ಎಂದು ಅವಳು ಕೇಳಲಿಲ್ಲ. ಆ ಮನೆಯಲ್ಲಿ ಮೂರು ತಿಂಗಳು ಬಾಳಿದವಳಿಗೆ ಕೇಳುವ ಅಗತ್ಯ ಇರಲಿಲ್ಲವೇನೋ. ಆಲ್ಬಮ್ಮಿನ ಹಾಳೆ ತೆರೆಸಿ ನೋಡಿದಳು. ನೋಡುತ್ತ ನೋಡುತ್ತ ಎಡ ಅಂಚಿಗೆ ಬೆರಳಿಟ್ಟಳು. ಸಿಟ್ಟಿನಲ್ಲಿ ಕತ್ತರಿಸಿದ್ದೆನಲ್ಲ, ಒಂದು ಕೈ ಉಳಿದುಬಿಟ್ಟಿತ್ತು. ಮುಂಗೈಯಿಂದ ಬೆರಳ ತುದಿವರೆಗೆ. ಅಕ್ಷತೆ ಎರಚುತ್ತಿದ್ದ ಅಷ್ಟೊಂದು ಹೆಂಗಸರ ಕೈಗಳಲ್ಲಿ ಬಳೆಯಿಲ್ಲದ್ದು ಅದೊಂದೇ.

"ಇದನ್ನೇ ದೊಡ್ಡದು ಮಾಡ್ಕೊಡಿ ಅಕ್ಕ" ಎಂದಳು.

ಮಾಡಿಕೊಟ್ಟೆ. ಒಳ್ಳೆಯ ಕ್ಯಾಮೆರಾ ಅದು, ಸುಳ್ಳು ಹೇಳಬಾರದು. ಸೊಪ್ಪು ಕುಯ್ದು ಸೀಳಿದ್ದ ಹೆಬ್ಬೆರಳೂ ಕಾಣುತ್ತಿತ್ತು.

ಹನ್ನೊಂದನೆಯ ದಿನ ಹೊಂಗನೂರಿನ ಮನೆಯಲ್ಲಿ ಟವೆಲ್ ಸುತ್ತಿದ ಅಕ್ಕನ ಪಕ್ಕ ಆ ಕೈಯ ಫೋಟೋವನ್ನೂ ರಮ್ಯಾ ಇಟ್ಟಿದ್ದಳು. ಕನಕಪುರದಿಂದ ಬೀಗರೆಲ್ಲ ಬಂದಿದ್ದರು. ಎಡೆ ಇಡುವ ಹೊತ್ತಿಗೆ ಯಾರೋ ಹಿರಿಯರು, "ಇದ್ಯಾರ ಕೈ? ಮೊಕ ಯಾಕಿಲ್ಲ? ಕ್ಯಾಮೆರಾಕ್ಕೆ ಬೀಳ್ಲಿಲ್ವಾ?" ಎಂದರು. ನಾಗಲಕ್ಷ್ಮಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು. ಬಾಲರಾಜಣ್ಣ ಈ ಸಲವೂ ತಲೆ ಆಡಿಸಿ ಸುಮ್ಮನಿದ್ದುಬಿಡುತ್ತಾನೆ ಎಂದೇ ನಾನು ಅಂದುಕೊಂಡೆ.

"ಬಿದ್ದಿದ್ಲು" ಎಂದ. ಎಲ್ಲರಿಗೂ ಕೇಳುವಂತೆ ಹೇಳಿದ. "ನನ್ನಕ್ಕ ಪೂರ್ತಿ ಬಿದ್ದಿದ್ಲು. ಕ್ಯಾಮೆರಾದ್ದೇನೂ ತಪ್ಪಿಲ್ಲ. ನಾನು ಕಟ್ ಮಾಡಿಸ್ದೆ."

ಸಮದಣ್ಣ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತ ನಿಂತಿದ್ದ. ಎಡೆ ಮುಗಿದ ಮೇಲೆ ಬಾಲರಾಜಣ್ಣ ಅವನ ಬಳಿ ಹೋಗಿ, "ಕ್ಯಾಮೆರಾ ಬ್ಯಾಡ, ವಾಪಸ್ ತಗೊಂಡೋಗಣ್ಣ. ಅಂಚಿನೋರ್ನ ಕಟ್ ಮಾಡ್ಸೋನಿಗೆ ಫುಲ್ ಫ್ರೇಮ್ ಯಾಕೆ?" ಎಂದ.